ಪೀಣ್ಯದ ನಾಲ್ಕು ಸಾವಿರ ಟನ್ ಮೀನು

ಸಂಗಮೇಶನಿಗೆ ಸಮುದ್ರದ ಇನ್ನೂರ ಹನ್ನೊಂದು ಸರಕುಗಳ ನಂಬರು ಬಾಯಿಪಾಠ ಇತ್ತು. ಅವುಗಳಲ್ಲಿ ಒಂದರ ಮುಖವನ್ನೂ ಅವನು ಕಂಡಿರಲಿಲ್ಲ.

ಹುನಗುಂದದ ಕಡೆಯ ಲಿಂಗಾಯತರ ಮನೆಯವನು. ಕೇಕ್ ತಿನ್ನುವಾಗಲೂ ಮೊಟ್ಟೆ ಬಿದ್ದಿದೆಯೋ ಇಲ್ಲವೋ ಎಂದು ಎರಡು ಸಲ ಕೇಳುವ ಮನುಷ್ಯ. ಹನ್ನೊಂದು ವರ್ಷದ ಹಿಂದೆ ಬೆಂಗಳೂರಿಗೆ ಬಂದು, ಪೀಣ್ಯ ಎರಡನೇ ಹಂತದಲ್ಲಿ ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿದ್ದ ಕಚೇರಿಗೆ ಸೇರಿದ್ದ. ಹೊರದೇಶಕ್ಕೆ ಸರಕು ಕಳಿಸುವವರ ಪರವಾಗಿ ಕಸ್ಟಮ್ಸಿಗೆ ಕಾಗದ ಸಲ್ಲಿಸುವುದು ಆ ಕಚೇರಿಯ ಕಸುಬು. ಹಡಗು ಹತ್ತುವ ಪ್ರತಿ ಸರಕಿಗೂ ಶಿಪ್ಪಿಂಗ್ ಬಿಲ್ ಎಂಬ ಒಂದು ಫಾರಂ ಬೇಕು. ಅದರಲ್ಲಿ ಏನು ಸರಕು, ಎಷ್ಟು ತೂಕ, ಯಾವ ದೇಶಕ್ಕೆ ಎಂದು ತುಂಬಿ, ಕೊನೆಗೆ ಆ ಸರಕಿನ ಎಂಟು ಅಂಕಿಯ ನಂಬರು ಹಾಕಬೇಕು. ಒಂದು ಮೀನು ಕುಂದಾಪುರದಲ್ಲಿ ಒಂದು ಹೆಸರು, ಕೊಚ್ಚಿಯಲ್ಲಿ ಒಂದು ಹೆಸರು, ಜಪಾನಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಓಡಾಡಬಹುದು. ಆದರೆ ಅದರ ನಂಬರಿನ ಮೊದಲ ಆರು ಅಂಕಿ ಭೂಮಂಡಲದ ತುಂಬ ಒಂದೇ. ಈ ವಿಷಯ ಸಂಗಮೇಶನಿಗೆ ಮೊದಲ ಸಲ ತಿಳಿದ ದಿನ ಅವನು ಮಧ್ಯಾಹ್ನದ ಬುತ್ತಿ ಬಿಚ್ಚುವುದನ್ನೇ ಮರೆತಿದ್ದ.

ಸೀಗಡಿಯನ್ನು ಸಿಪ್ಪೆ ಸಮೇತ ಬೇಯಿಸಿದರೆ ಅದು ಕಸ್ಟಮ್ಸಿನ ನಂಬರು ಪುಸ್ತಕದ ಮೂರನೇ ಅಧ್ಯಾಯದಲ್ಲೇ ಉಳಿಯುತ್ತದೆ. ಸಿಪ್ಪೆ ಸುಲಿದು ಬೇಯಿಸಿದರೆ ಹದಿನಾರನೇ ಅಧ್ಯಾಯಕ್ಕೆ ಹೋಗುತ್ತದೆ. ತೂಕ ಹಾಕುವಾಗ ಮೀನಿನ ಮೇಲೆ ಕಟ್ಟಿದ ಮಂಜುಗಡ್ಡೆಯ ತೂಕ ಕಳೆಯಬೇಕು. ಇಂಥ ಸೂಕ್ಷ್ಮಗಳನ್ನು ಅವನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದ. ಅವರು ಸೀಟು ಬದಲಾಯಿಸಿದರೆ ಅವನಿಗೆ ಬೇಸರವಿರಲಿಲ್ಲ. ಲೋಕದಲ್ಲಿ ಎಲ್ಲರಿಗೂ ಶಾಸ್ತ್ರದಲ್ಲಿ ಆಸಕ್ತಿ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹೀಗಿರುವಾಗ ಫಾರಮ್ಮಿಗೆ ಹೊಸದೊಂದು ಕಾಲಂ ಬಂತು. ಸರಕು ಹುಟ್ಟಿದ ಜಿಲ್ಲೆ ಯಾವುದು ಎಂದು ಕೇಳುವ ಕಾಲಂ. ಸಂಗಮೇಶ ಎದ್ದು ಹೋಗಿ ಮಾಲೀಕರಾದ ಶಶಿಕುಮಾರ್ ಅವರನ್ನು ಕೇಳಿದ. ಅವರು ಫೋನಿನಲ್ಲಿ ಯಾರೊಡನೆಯೋ ಜಗಳವಾಡುತ್ತಿದ್ದರು. ಫೋನನ್ನು ಅಂಗೈಯಿಂದ ಮುಚ್ಚಿ, ಎಲ್ಲಿಂದ ಬರ್ತಿದ್ಯೋ ಅದನ್ನೇ ಹಾಕು ಎಂದು ಹೇಳಿ ಜಗಳಕ್ಕೆ ಮರಳಿದರು.

ಸಂಗಮೇಶ ಯೋಚಿಸಿದ. ಮೀನಿನ ಕಾಗದಗಳು ಬರುತ್ತಿದ್ದದ್ದು ಎರಡು ಬೀದಿ ಆಚೆಗಿದ್ದ ಮೀನು ಕಂಪನಿಯ ಹೆಡ್ ಆಫೀಸಿನಿಂದ. ಮೀನು ಮಾತ್ರ ಕರಾವಳಿಯಲ್ಲೇ ಹಿಡಿದು, ಅಲ್ಲೇ ಕೊಯ್ದು, ಅಲ್ಲೇ ಡಬ್ಬಕ್ಕೆ ತುಂಬಿ, ಅಲ್ಲಿಂದಲೇ ಹಡಗು ಹತ್ತುತ್ತಿತ್ತು. ಆದರೆ ಅವನು ಮೀನನ್ನು ನೋಡಿದವನಲ್ಲ, ಕಾಗದವನ್ನು ನೋಡಿದವನು. ಹಾಗಾಗಿ 'ಬೆಂಗಳೂರು ನಗರ ಜಿಲ್ಲೆ' ಎಂದು ಹಾಕಿದ. ಹದಿನಾಲ್ಕು ತಿಂಗಳು ಹಾಕಿದ.

ಒಂದು ಮಂಗಳವಾರ ಸರ್ಕಾರದ ಒಂದು ಇಲಾಖೆಯಿಂದ ಪತ್ರ ಬಂತು. ಯಾವ ಇಲಾಖೆ ಎಂದು ಹೇಳಿದರೆ ಅಲ್ಲಿರುವ ಒಳ್ಳೆಯವರಿಗೆ ನೋವಾದೀತು, ಬೇಡ. ಬೆಂಗಳೂರು ನಗರ ಜಿಲ್ಲೆಯಿಂದ ಸಮುದ್ರ ಉತ್ಪನ್ನಗಳ ರಫ್ತು ಈ ಮೊದಲು ಶೂನ್ಯವಿದ್ದು, ಈಗ ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಾವಿರದ ಹದಿನೆಂಟು ಟನ್ನಿಗೆ ಏರಿರುವುದು ಸಂತೋಷದ ಸಂಗತಿ ಎಂದು ಪತ್ರ ಹೇಳಿತು. ಅಷ್ಟೂ ರಫ್ತಿನ ಕಾಗದ ತಮ್ಮ ಕಚೇರಿಯ ಮೂಲಕವೇ ಸಲ್ಲಿಕೆಯಾಗಿದೆ. ಈ ಬೆಳವಣಿಗೆಯ ಕಾರಣ ತಿಳಿಯಲು ಅಧ್ಯಯನ ತಂಡ ಮುಂದಿನ ಗುರುವಾರ ಬರಲಿದೆ. ಮೀನು ಸಂಸ್ಕರಿಸುವ ಘಟಕವನ್ನು ತೋರಿಸತಕ್ಕದ್ದು. ಜಿಲ್ಲಾ ಸಮಾರಂಭದಲ್ಲಿ ತಮಗೊಂದು ಫಲಕ ನೀಡುವ ಪ್ರಸ್ತಾವವೂ ಇದೆ.

ಶಶಿಕುಮಾರ್ ಪತ್ರವನ್ನು ಮೂರು ಸಲ ಓದಿದರು. ಮೂರನೇ ಸಲ ಎದ್ದು ನಿಂತು ಓದಿದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದ ಅವರ ಭಾಮೈದ ಗ್ರಾನೈಟ್ ರಫ್ತು ಮಾಡಿ ಅಂಥ ಎರಡು ಫಲಕ ಗಿಟ್ಟಿಸಿದ್ದ. ಅವನ ಮನೆಯ ಹಾಲಿನಲ್ಲಿ ಅವು ಸೋಫಾದ ಎದುರಿಗೇ ಇದ್ದು, ಊಟಕ್ಕೆ ಕರೆದಾಗಲೆಲ್ಲ ಶಶಿಕುಮಾರ್ ಅವನ್ನು ನೋಡುತ್ತಲೇ ಕೂರಬೇಕಾಗುತ್ತಿತ್ತು. ಅವರು ಇಡೀ ಕಚೇರಿಗೆ ಮಸಾಲೆ ದೋಸೆ ತರಿಸಿದರು.

ಸಂಗಮೇಶ ತನ್ನ ದೋಸೆಯನ್ನು ಪಕ್ಕದ ಮೇಜಿಗೆ ಸರಿಸಿದ. ಪತ್ರದ ಮೊದಲ ಸಾಲಿಗೇ ಅವನಿಗೆ ಎಲ್ಲ ಅರ್ಥವಾಗಿತ್ತು. ಹಳೆಯ ಫಾರಮ್ಮುಗಳನ್ನು ತೆರೆದು ನೋಡಿದ. ಮುನ್ನೂರ ಹನ್ನೆರಡು ಬಿಲ್ಲು. ಮುನ್ನೂರ ಹನ್ನೆರಡರಲ್ಲೂ ಅರಬ್ಬೀ ಸಮುದ್ರ ಪೀಣ್ಯದವರೆಗೆ ಬಂದಿತ್ತು. ಅವನ ಬಲಗಾಲು ತಾನಾಗಿ ಅಲುಗಾಡತೊಡಗಿತು. ನೀರು ಕುಡಿಯಲು ಎದ್ದ, ಕುಡಿಯದೆ ಬಂದು ಕೂತ. ಕೆಳಗಿಳಿದು ವರ್ಕ್‌ಶಾಪಿನ ಮುಂದೆ ನಿಂತ, ಮೆಟ್ಟಿಲು ಹತ್ತಿ ಬಂದ, ಮತ್ತೆ ಇಳಿದ. ನಾಲ್ಕನೇ ಸಲ ಹತ್ತಿದಾಗ ನೇರ ಮಾಲೀಕರ ಕೋಣೆಗೆ ಹೋಗಿ, ತಪ್ಪು ನಂದೇ ಐತ್ರಿ ಎಂದು ಎಲ್ಲವನ್ನೂ ಹೇಳಿಬಿಟ್ಟ.

ಶಶಿಕುಮಾರ್ ಪತ್ರವನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ತಾಳ್ಮೆಯಿಂದ ಕೇಳಿದರು.

"ತಪ್ಪು ಅಂತ ಯಾರು ಹೇಳಿದ್ದು? ಸರ್ಕಾರ ಹೇಳ್ತಾ?"

"ಇಲ್ರಿ ಸರ."

"ಸರ್ಕಾರ ಕಾಗ್ದ ಬರ್ದು ಸಂತೋಷ ಅಂತಿದೆ. ಫಲಕ ಕೊಡ್ತೀನಿ ಅಂತಿದೆ. ನೀನು ತಪ್ಪು ಅಂತೀಯ. ನೀನು ಸರ್ಕಾರಕ್ಕಿಂತ ದೊಡ್ಡೋನಾ, ಸಂಗಮೇಶ್?"

ಮುನ್ನೂರ ಹನ್ನೆರಡು ತಿದ್ದುಪಡಿ ಅರ್ಜಿ ಹಾಕಿದರೆ ಕಸ್ಟಮ್ಸಿನವರು ಏನೆಂದುಕೊಳ್ಳುತ್ತಾರೆ, ಲೈಸೆನ್ಸಿನ ಗತಿ ಏನು, ನಿನ್ನ ಗತಿ ಏನು ಎಂದು ಶಶಿಕುಮಾರ್ ಒಂದೊಂದಾಗಿ ವಿವರಿಸಿದರು. ಕೊನೆಯ ಪ್ರಶ್ನೆ ಅವನಿಗೆ ಚೆನ್ನಾಗಿ ತಿಳಿಯಿತು.

ಘಟಕಕ್ಕೆ ಜಾಗ ಬೇಕಿತ್ತು. ಟಿ. ದಾಸರಹಳ್ಳಿಯಲ್ಲಿ ಸಂಗಮೇಶ ಬಾಡಿಗೆಗಿದ್ದ ಮನೆಯ ಮಾಲೀಕ ನರಸಪ್ಪನವರಿಗೆ ಪೀಣ್ಯದಲ್ಲಿ ಒಂದು ಖಾಲಿ ಶೆಡ್ಡಿತ್ತು. ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ, ಆಮೇಲೆ ಕಬ್ಬಿಣಕ್ಕೆ ಬಣ್ಣ ಹೊಡೆಯುವ ಕಾರ್ಖಾನೆ, ಈಗ ಬೀಗ. ಶಶಿಕುಮಾರ್ ಫೋನು ಮಾಡಿ, ನಿಮ್ಮ ಬಾಡಿಗೆಯವನು ನೋಡಿಕೊಳ್ಳುವ ಮೀನಿನ ವ್ಯವಹಾರಕ್ಕೆ ಒಂದು ದಿನದ ಮಟ್ಟಿಗೆ ಶೆಡ್ ಬೇಕು, ಸರ್ಕಾರದವರು ಬರುತ್ತಾರೆ ಎಂದರು. ನಾಲ್ಕು ಸಾವಿರ ಟನ್ ಎಂಬ ಮಾತು ಕೂಡ ಆಡಿದರು.

ಅಂದಿನವರೆಗೆ ಸಂಗಮೇಶನನ್ನು ಏನಯ್ಯ ಎನ್ನುತ್ತಿದ್ದ ನರಸಪ್ಪನವರು ಅಂದು ಸಂಜೆ ಗೇಟಿನ ಬಳಿ ಅವನಿಗಾಗಿ ಕಾದಿದ್ದರು.

"ಬನ್ನಿ ಸಾವ್ಕಾರ್ರೇ," ಎಂದರು. "ಅನ್ನೊಂದು ವರ್ಸದಿಂದ ನಮ್ಮನೇಲೇ ಇದ್ಕೊಂಡು ಇಂಗೆ ಮುಚ್ಚಿಟ್ರಲ್ಲ. ನಮ್ಮ ತಾತನ ಕಾಲ್ದಲ್ಲಿ ನಮ್ಮೂರ ಕೆರೇಲಿ ಮೀನಿತ್ತು. ಕೆರೆ ಓಯ್ತು, ಮೀನೂ ಓಯ್ತು ಅಂದ್ಕೊಂಡಿದ್ದೆ."

ಸಂಗಮೇಶ ಹಾಗಲ್ಲ ಎಂದು ಹೇಳಲು ಬಾಯಿ ತೆರೆದ. ನರಸಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು, ದುಡಿಯೋ ಮನುಷ್ಯ ಹೆಚ್ಚು ಮಾತಾಡಬಾರದು ಎಂದರು.

ನರಸಪ್ಪನವರ ಮೂರು ಮಹಡಿಯ ಬಾಡಿಗೆ ಕಟ್ಟಡಕ್ಕೆ ಸುದ್ದಿ ಹರಡಲು ಒಂದು ರಾತ್ರಿ ಸಾಕಾಯಿತು. ಬೆಳಗಾದರೆ ಮೀನಿನ ವಾಸನೆ ಹೊಡೆಯುತ್ತಿತ್ತು. ಹನ್ನೊಂದು ವರ್ಷ ಯಾರ ಮೂಗಿಗೂ ಬೀಳದ ವಾಸನೆ ಆವತ್ತು ಎಲ್ಲರ ಮೂಗಿಗೂ ಬಿತ್ತು. ಎರಡನೇ ಮಹಡಿಯವರು ಅಗರಬತ್ತಿ ಹಚ್ಚಿದರು. ಕೆಳಮನೆಯವರು ಬಟ್ಟೆ ಒಣಹಾಕುವ ಹಗ್ಗವನ್ನು ಅವನ ಕಿಟಕಿಯಿಂದ ದೂರಕ್ಕೆ ಕಟ್ಟಿದರು. ನರಸಪ್ಪನವರ ಹೆಂಡತಿ ಭದ್ರಮ್ಮ ಮಾತ್ರ ಸಂಗಮೇಶನ ಹೆಂಡತಿ ಶಾಂಭವಿಯನ್ನು ಕರೆದು, ಮುಂದಿನ ಭಾನುವಾರಕ್ಕೆ ಎರಡು ಕೇಜಿ ಒಳ್ಳೆಯದು ನೋಡಿ ತರಿಸಮ್ಮ, ಮನೆ ಮೀನು ಇದ್ದು ಅಂಗಡೀಲಿ ಯಾಕೆ ಕೊಳ್ಳೋದು ಎಂದರು.

ಶಾಂಭವಿ ಮೇಲೆ ಬಂದು ಗಂಡನಿಗೆ ಚಹಾ ಕೊಡಲಿಲ್ಲ. ತಾಯಿಗೆ ಫೋನು ಹಚ್ಚಿ ಅರ್ಧ ತಾಸು ಮಾತಾಡಿದಳು. ಆಮೇಲೆ ಬಾಗಿಲಲ್ಲಿ ಒಂದು ಬಕೆಟ್ ನೀರಿಟ್ಟು, ಇವತ್ತಿನಿಂದ ಕಾಲು ತೊಳೆದೇ ಒಳಗೆ ಬರಬೇಕು, ಪೂಜಾ ಕೋಣೆ ಕಡೆ ಸುಳಿಯಬಾರದು ಎಂದು ನಿಯಮ ಹಾಕಿದಳು. ತನ್ನದು ಬರೀ ಕಾಗದದ ಮೀನು ಎಂದು ಸಂಗಮೇಶ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಕಾಗದದ ಮೀನಾಗಿದ್ದರೆ ಸರ್ಕಾರದವರು ಯಾಕೆ ನೋಡಲು ಬರುತ್ತಾರೆ ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ.

ಗುರುವಾರ ಬೆಳಿಗ್ಗೆ ಮೀನು ತರುವ ಕೆಲಸವೂ ಸಂಗಮೇಶನ ತಲೆಗೇ ಬಂತು. ಇನ್ನೂರ ಹನ್ನೊಂದು ಬಗೆ ಗೊತ್ತಿರುವವನು ಕಚೇರಿಯಲ್ಲಿ ಇನ್ಯಾರಿದ್ದಾರೆ ಎಂದು ಶಶಿಕುಮಾರ್ ಕೇಳಿದರು. ಅವನು ಆರೂವರೆಗೆ ದಾಸರಹಳ್ಳಿ ಮಾರ್ಕೆಟ್ಟಿನ ಮೀನಂಗಡಿಯ ಮುಂದೆ ನಿಂತ. ಕೈಯಲ್ಲಿ ಪಟ್ಟಿ, ಮೂಗಿಗೆ ಕರ್ಚೀಫು. ಅಂಗಡಿಯಾಕೆ ಮೊಣಕೈವರೆಗೆ ಮೀನಿನ ಪೊರೆ ಮೆತ್ತಿಕೊಂಡು ಕೂತಿದ್ದಳು. ಪಟ್ಟಿಯಲ್ಲಿದ್ದ ಶಾಸ್ತ್ರೀಯ ಹೆಸರೊಂದನ್ನು ಅವನು ನಿಧಾನವಾಗಿ ಓದಿದ. ಅದು ಯಾವೂರ ಕಡೆಯವರ ಹೆಸರು ಎಂದು ಆಕೆ ವಿಚಾರಿಸಿದಳು. ಇನ್ನೊಂದು ಓದಿದ. ಅದೂ ಇರಲಿಲ್ಲ.

"ಜಿಲೇಬಿ ತಗೊಳ್ಳಣ್ಣ," ಎಂದಳು ಆಕೆ. "ಇವತ್ತು ಜಿಲೇಬಿ ಚೆನ್ನಾಗೈತೆ."

ಸಂಗಮೇಶ ವಿನಯದಿಂದ, ಸಿಹಿ ಬೇಡ್ರಿ ಅಕ್ಕಾರ, ನಾ ಮೀನಕ್ಕ ಬಂದೇನಿ ಎಂದ. ಅಂಗಡಿಯ ಮುಂದೆ ನಿಂತಿದ್ದ ಐದಾರು ಜನ ತಿರುಗಿ ನೋಡಿದರು. ಆಕೆ ಬುಟ್ಟಿಯಿಂದ ಅಂಗೈಯಗಲದ ಒಂದು ಮೀನನ್ನು ಬಾಲ ಹಿಡಿದು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಇದೇ ಜಿಲೇಬಿ. ಅದು ಅವನನ್ನು ನೋಡುತ್ತಿತ್ತು. ಮೀನಿಗೆ ಕಣ್ಣಿರುತ್ತದೆ ಎಂಬುದು ಎಂಟು ಅಂಕಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಇರುವುದನ್ನೆಲ್ಲ ಅರವತ್ತು ಕಿಲೋ ಆಗುವಷ್ಟು ಹಾಕಿಬಿಡಿ ಎಂದ. ಆಕೆ ಕಾಟ್ಲಾ, ರೋಹು, ಜಿಲೇಬಿ ಎಲ್ಲ ಸೇರಿಸಿ ನಾಲ್ಕು ಡಬ್ಬ ತುಂಬಿಸಿ ಮಂಜು ಹಾಕಿದಳು. ಸಣ್ಣ ಡಬ್ಬದಲ್ಲಿ ಒಂದಿಷ್ಟು ಸೀಗಡಿಯೂ ಸಿಕ್ಕಿತು.

ಗೂಡ್ಸ್ ಆಟೋದಲ್ಲಿ ಮುಂದೆ ಜಾಗವಿರಲಿಲ್ಲ. ಅವನು ಹಿಂದೆ ಡಬ್ಬಗಳ ನಡುವೆ ಕೂತ. ತುಮಕೂರು ರಸ್ತೆಯಲ್ಲಿ ಆಟೋ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಮಂಜು ಕರಗಿದ ನೀರು ಅವನ ಚಪ್ಪಲಿಗೆ ಬರುತ್ತಿತ್ತು. ಹನ್ನೊಂದು ವರ್ಷ ಮಂಜಿನ ತೂಕವನ್ನು ಕಳೆಯುತ್ತ ಬಂದವನಿಗೆ ಅದು ಎಷ್ಟು ತಣ್ಣಗಿರುತ್ತದೆ ಎಂದು ಆವತ್ತು ತಿಳಿಯಿತು.

ಶೆಡ್ಡಿನಲ್ಲಿ ಮೇಜು ಹಾಕಿ ಬಿಳಿ ಪ್ಲಾಸ್ಟಿಕ್ ಹೊದಿಸಿದ್ದರು. ಮಾದನಾಯಕನಹಳ್ಳಿಯಲ್ಲಿ ಗೋದಾಮು ಕಟ್ಟುವ ಕೆಲಸಕ್ಕೆ ಬಂದಿದ್ದ ಒಂಬತ್ತು ಹೆಂಗಸರನ್ನು ಶಶಿಕುಮಾರ್ ಒಂದು ದಿನದ ಕೂಲಿಗೆ ಕರೆಸಿ, ತಲೆಗೆ ಟೊಪ್ಪಿ, ಕೈಗೆ ಗ್ಲೌಸು, ಬಾಯಿಗೆ ಮಾಸ್ಕು ತೊಡಿಸಿ ಸಾಲಾಗಿ ನಿಲ್ಲಿಸಿದ್ದರು. ಅವರ ಮುಖಂಡಳು ರಾಯಚೂರು ಕಡೆಯ ಮರೆವ್ವ. ಏನು ಮಾಡಬೇಕೆಂದು ಆಕೆ ಕೇಳಿದ್ದಕ್ಕೆ, ಏನೂ ಮಾಡಬೇಡಿ, ಮಾಡುತ್ತಿರುವಂತೆ ನಿಂತಿರಿ ಎಂದಿದ್ದರು. ಇಟ್ಟಿಗೆ ಹೊರುವುದಕ್ಕಿಂತ ಇದು ಕಷ್ಟ ಎಂದು ಆಕೆ ಅರ್ಧ ಗಂಟೆಯಲ್ಲೇ ಹೇಳಿದಳು.

ಹನ್ನೊಂದಕ್ಕೆ ತಂಡ ಬಂತು. ತಂಡವೆಂದರೆ ಇಬ್ಬರು. ಹಿರಿಯರು ನರಸಿಂಹಯ್ಯನವರು, ನಿವೃತ್ತಿಗೆ ಮೂರು ತಿಂಗಳು ಬಾಕಿ. ಮೂವತ್ತೊಂದು ವರ್ಷದ ಸೇವೆಯಲ್ಲಿ, ಫಾರಮ್ಮಿನಲ್ಲಿ ಕಾಲಂ ಇಲ್ಲದ ಪ್ರಶ್ನೆಯೊಂದನ್ನೂ ಅವರು ಯಾರಿಗೂ ಕೇಳಿದವರಲ್ಲ. ಜೊತೆಗಿದ್ದವಳು ಕೃಪಾ, ಕೆಲಸಕ್ಕೆ ಸೇರಿ ಎರಡು ವರ್ಷವಾದ ಹುಡುಗಿ. ಅವಳು ಒಳಗೆ ಬಂದವಳೇ ಮೇಜಿನ ಮೇಲಿನ ಮೀನುಗಳನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

ನರಸಿಂಹಯ್ಯನವರು ಸಸ್ಯಾಹಾರಿ. ಮೇಜಿನಿಂದ ದೂರ ನಿಂತು, ಪೆನ್ನಿನ ತುದಿಯಿಂದ ಒಂದು ದೊಡ್ಡ ಕಾಟ್ಲಾದ ಕಡೆ ತೋರಿಸಿ ಇದು ಏನು ಎಂದರು. ಸಂಗಮೇಶ ಗಾಬರಿಯಲ್ಲಿ ತನಗೆ ಅತ್ಯಂತ ಅಭ್ಯಾಸವಿದ್ದ ನಂಬರು ಹೇಳಿಬಿಟ್ಟ. ಸೊನ್ನೆ ಮೂರು, ಸೊನ್ನೆ ಆರು, ಹದಿನೇಳು ಎಂದು ಶುರುವಾಗುವ ನಂಬರು. ಇಂಥ ಉತ್ತರ ನರಸಿಂಹಯ್ಯನವರಿಗೆ ಮೂವತ್ತೊಂದು ವರ್ಷದಲ್ಲಿ ಯಾರೂ ಕೊಟ್ಟಿರಲಿಲ್ಲ. ಹೆಸರು ಕೇಳಿ, ಅದನ್ನು ಪುಸ್ತಕದಲ್ಲಿ ಹುಡುಕಿ, ನಂಬರು ಹಾಕುವ ಶ್ರಮವೇ ತಪ್ಪಿತ್ತು. ಅವರು ಮೆಚ್ಚಿ ತಲೆದೂಗಿ ಬರೆದುಕೊಂಡರು.

"ಸರ್, ಅದು ಸೀಗಡಿಯ ನಂಬರು," ಎಂದಳು ಕೃಪಾ. "ಇದಕ್ಕೆ ಪೊರೆ ಉಂಟು, ಬಾಲ ಉಂಟು."

ಮರೆವ್ವ ಮಾಸ್ಕು ಕೆಳಗಿಳಿಸಿದಳು. ಸುಮ್ಮನೆ ನಿಂತು ಅವಳಿಗೆ ಬೇಸರವಾಗಿತ್ತು. "ಅದು ಕಾಟ್ಲಾ ಐತ್ರಿ ಯವ್ವಾ. ನಮ್ಮ ಕೃಷ್ಣಾ ಹೊಳಿಯಾಗ ಬಾಳ ಸಿಗತಾವು."

ಇಲ್ಲಿ ಯಾವಾಗಿನಿಂದ ಕೆಲಸ ಮಾಡುತ್ತಿದ್ದೀರಿ ಎಂದು ಕೃಪಾ ಕೇಳಿದಳು.

"ಮುಂಜಾನಿಂದ್ರಿ," ಎಂದಳು ಮರೆವ್ವ.

ನರಸಿಂಹಯ್ಯನವರು 'ಬೆಳಗಿನ ಪಾಳಿ' ಎಂದು ಬರೆದುಕೊಂಡರು.

ಆಮೇಲೆ ಶಶಿಕುಮಾರ್ ನರಸಿಂಹಯ್ಯನವರನ್ನು ಬಿಸಿಬೇಳೆಬಾತಿಗೆ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಕೃಪಾ ಊಟ ಬೇಡವೆಂದು ಹೊರಗೆ ಬಂದು, ಶೆಡ್ಡಿನ ಪಕ್ಕ ನಿಂತಿದ್ದ ಲಾರಿಯ ನೆರಳಲ್ಲಿ ನಿಂತಳು. ಸಂಗಮೇಶ ಅವಳ ಹಿಂದೆ ಹೋದ, ವಾಪಸು ಬಂದ, ಮತ್ತೆ ಹೋದ. ಅವಳೇ ಅವನನ್ನು ಕರೆದಳು. ಬೈಯುತ್ತಾಳೆ ಎಂದುಕೊಂಡಿದ್ದ. ಬೈಯಲಿಲ್ಲ. ತನ್ನದು ಕುಂದಾಪುರದಾಚೆಯ ಒಂದು ಮೀನುಗಾರರ ಊರು, ಅಪ್ಪ ಬೋಟಿಗೆ ಹೋಗುವವರು ಎಂದಳು. ಊರಿನ ಬಂದರಿಗೆ ಒಂದು ಐಸ್ ಪ್ಲಾಂಟ್ ಮಂಜೂರಾಗುವುದಿತ್ತು. ಅಮ್ಮ, ಚಿಕ್ಕಮ್ಮ ಎಲ್ಲ ಬುಟ್ಟಿ ಹೊತ್ತು ಮೀನು ಮಾರುವವರು. ಮಂಜಿಲ್ಲದೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಬುಟ್ಟಿ ಎಸೆಯುತ್ತಾರೆ.

"ಪಟ್ಟಿಯಿಂದ ನಮ್ಮ ಊರಿನ ಹೆಸರು ತೆಗೆದರು ಮಾರಾಯ್ರೆ," ಎಂದಳು. "ನಿಮ್ಮ ಜಿಲ್ಲೆಯ ರಫ್ತು ನಾಲ್ಕು ಸಾವಿರ ಟನ್ ಇಳಿದಿದೆ, ಅಲ್ಲಿ ಮೀನೇ ಇಲ್ಲ ಅಂದರು. ಬೋಟು ಅಷ್ಟೇ ಉಂಟು. ಮೀನು ಅಷ್ಟೇ ಬರ್ತದೆ. ಆ ನಾಲ್ಕು ಸಾವಿರ ಟನ್ ಎಲ್ಲಿ ಹೋಯ್ತು ಅಂತ ನಾನು ಅವತ್ತಿಂದ ಹುಡುಕ್ತಾ ಇದ್ದೇನೆ."

ಸಂಗಮೇಶನ ಕಾಲು ಅಲುಗಾಡುವುದು ನಿಂತಿತು. ಅದುವರೆಗೆ ತಾನು ಇಲ್ಲದ ಮೀನನ್ನು ಹುಟ್ಟಿಸಿದ್ದೇನೆ ಎಂದೇ ಅವನು ತಿಳಿದಿದ್ದ. ಅದು ಇನ್ನೊಬ್ಬರ ಬುಟ್ಟಿಯಿಂದ ಬಂದಿತ್ತು ಎಂಬುದು ಅವನಿಗೆ ಹೊಳೆದಿರಲಿಲ್ಲ.

"ನನ್ನ ಹತ್ರ ಅದಾವ್ರಿ ಮೇಡಂ," ಎಂದ.

ಎಲ್ಲವನ್ನೂ ಹೇಳಿದ. ಕೃಪಾ ಕೇಳಿಸಿಕೊಂಡು ಅವನನ್ನು ನೇರ ನರಸಿಂಹಯ್ಯನವರ ಬಳಿಗೆ ಕರೆದೊಯ್ದಳು. ಅವರು ಬಿಸಿಬೇಳೆಬಾತಿಗೆ ಬೂಂದಿ ಉದುರಿಸುತ್ತಿದ್ದರು. ಅವನ ಮಾತನ್ನು ಪೂರ್ತಿ ಕೇಳಿದ ಮೇಲೆ ಅವರಿಗೆ ಕೋಪ ಬರಲಿಲ್ಲ, ದುಃಖವಾಯಿತು. ಇದು ಬೆಳವಣಿಗೆಯ ಕಾರಣ ತಿಳಿಯುವ ಅಧ್ಯಯನ, ಇದರಲ್ಲಿ ಬೆಳವಣಿಗೆಯೇ ಆಗಿಲ್ಲ ಎಂದು ಬರೆಯಲು ಕಾಲಂ ಇಲ್ಲವಲ್ಲಪ್ಪ ಎಂದರು. ವರದಿ ಶುಕ್ರವಾರ ಹೋಗಲೇಬೇಕಿತ್ತು. ನಿಜವಾಗಿಯೂ ತಪ್ಪಾಗಿದ್ದರೆ ಬಿಲ್ಲು ಸಲ್ಲಿಸಿದವರೇ ಕಸ್ಟಮ್ಸಿಗೆ ತಿದ್ದುಪಡಿ ಅರ್ಜಿ ಹಾಕಲಿ, ಅಂಕಿಸಂಖ್ಯೆ ತಾನಾಗಿ ಸರಿಹೋಗುತ್ತದೆ ಎಂದು ಕೈ ತೊಳೆದರು. ಪಕ್ಕದಲ್ಲಿ ನಿಂತಿದ್ದ ಶಶಿಕುಮಾರ್ ಸಂಗಮೇಶನನ್ನು ನೋಡಿದ ನೋಟಕ್ಕೆ ಯಾವ ಪುಸ್ತಕದಲ್ಲೂ ನಂಬರಿಲ್ಲ.

ಅರವತ್ತು ಕಿಲೋ ಮೀನು ಉಳಿಯಿತು. ಭದ್ರಮ್ಮನವರು ಮರೆವ್ವನ ಗುಂಪನ್ನು ಕಟ್ಟಿಕೊಂಡು ಶೆಡ್ಡಿನ ಹಿಂದೆಯೇ ಒಲೆ ಹೂಡಿ ಸಾರು ಮಾಡಿದರು. ಕಚೇರಿಯ ಕೆಳಗಿನ ವರ್ಕ್‌ಶಾಪಿನವರು, ಲಾರಿ ಡ್ರೈವರುಗಳು, ನರಸಪ್ಪನವರ ನೆಂಟರು ಎಲ್ಲ ಉಂಡರು. ಬೆಂಗಳೂರು ನಗರ ಜಿಲ್ಲೆಯ ಸಮುದ್ರ ಉತ್ಪನ್ನ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದರು.

ಸಂಗಮೇಶ ಮನೆಗೆ ಹೋಗಿ ಬಾಗಿಲಲ್ಲಿ ಎರಡು ಬಕೆಟ್ ನೀರು ಸುರಿದುಕೊಂಡು ಒಳಗೆ ಬಂದ. ಶಾಂಭವಿ ಬ್ಯಾಗು ತುಂಬಿಸಿ ಇಟ್ಟಿದ್ದಳು, ಬೆಳಿಗ್ಗೆಯ ಬಸ್ಸಿಗೆ ತವರಿಗೆ ಹೊರಡುವವಳು. ಅವನು ಆ ಬ್ಯಾಗಿನ ಪಕ್ಕದಲ್ಲೇ ಕೂತು, ಕೃಪಾಳ ಊರಿನ ವಿಷಯ, ಬುಟ್ಟಿಯ ವಿಷಯ, ಮಾಲೀಕರ ವಿಷಯ ಹೇಳಿದ. ತಿದ್ದಿದರೆ ಕೆಲಸ ಹೋಗಬಹುದು. ತಿದ್ದದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಫಲಕವೂ ಬರುತ್ತದೆ. ಅವಳು ಸೆರಗಿನ ಅಂಚು ಮಡಚುತ್ತ ಕೂತಳು.

"ಮಂದಿ ಊರಿನ ಮೀನು ನಮ್ಮ ಮನ್ಯಾಗ ಯಾಕ್ರಿ," ಎಂದಳು. "ಮೊದಲ ಕೊಟ್ಟು ಬರ್ರಿ."

ಬ್ಯಾಗು ಬಿಚ್ಚಲಿಲ್ಲ, ಆದರೆ ಚಹಾ ಕೊಟ್ಟಳು.

ಮರುದಿನ ಸಂಗಮೇಶ ಮಾಲೀಕರ ಮುಂದೆ ನಿಂತು, ತಿದ್ದುಪಡಿ ಹಾಕಬೇಕ್ರಿ, ನೀವು ಬ್ಯಾಡ ಅಂದರ ಕಸ್ಟಮ್ಸಿಗೆ ನಾನೇ ಪತ್ರ ಬರೀತೀನಿ ಎಂದ. ಈ ಸಲ ಅವನ ವಾಕ್ಯ ಪೂರ್ತಿಯಾಯಿತು. ಶಶಿಕುಮಾರ್ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಹೇಳಬೇಕಾದ್ದನ್ನು ಟೀ ತರುವವನ ಮೂಲಕ ಹೇಳಿಸಿದರು. ಅದೇ ಹೊತ್ತಿಗೆ ಭಾಮೈದನಿಗೆ ಫಲಕದ ಸುದ್ದಿ ಮುಟ್ಟಿ, ಅವನು ಮೀನಿನ ಘಟಕ ನೋಡಲು ಭಾನುವಾರ ಬರುತ್ತೇನೆ ಎಂದು ಫೋನು ಮಾಡಿದ. ಇದರ ಹಿಂದೆಯೇ ಇಲಾಖೆಯಿಂದ ಕೃಪಾಳ ಸಹಿಯಿದ್ದ ಎರಡು ಸಾಲಿನ ಪತ್ರ ಬಂತು. ನಾಲ್ಕು ಸಾವಿರ ಟನ್ ಮೀನನ್ನು ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಇಟ್ಟ ಘಟಕದ ಕರೆಂಟ್ ಬಿಲ್ಲುಗಳನ್ನು ದಯವಿಟ್ಟು ಕಳುಹಿಸಿಕೊಡಬೇಕು ಎಂದು ಅದರಲ್ಲಿತ್ತು.

ಶೆಡ್ಡಿನಲ್ಲಿದ್ದದ್ದು ಒಂದು ಬಲ್ಬು.

ಶಶಿಕುಮಾರ್ ಬಂದು, ಸಂಗಮೇಶನ ಮುಖ ನೋಡದೆ, ಅರ್ಜಿಗೆ ಡಿಜಿಟಲ್ ಸಹಿ ಒತ್ತುವ ಪೆನ್‌ಡ್ರೈವನ್ನು ಅವನ ಮೇಜಿನ ಮೇಲಿಟ್ಟು ಹೋದರು. ಭಾಮೈದನಿಗೆ, ಮೀನು ವ್ಯವಹಾರ ಬಹಳ ವಾಸನೆ, ಬಿಟ್ಟುಬಿಟ್ಟೆ ಎಂದರು.

ತಿದ್ದುವುದು ಹಾಕಿದಷ್ಟು ಸುಲಭವಿರಲಿಲ್ಲ. ಒಂದೊಂದು ಬಿಲ್ಲಿಗೂ ಮೀನು ನಿಜವಾಗಿ ಹೊರಟ ಊರಿನ ದಾಖಲೆ ಬೇಕು. ಸಂಗಮೇಶ ಹತ್ತೊಂಬತ್ತು ದಿನ ಕರಾವಳಿಯ ಪ್ಯಾಕಿಂಗ್ ಘಟಕಗಳಿಗೆ ಫೋನು ಮಾಡುತ್ತಲೇ ಇದ್ದ. ಆ ಕಡೆಯಿಂದ ಬೋಟಿನ ಇಂಜಿನ್ನು, ಕಾಗೆ, ಹೆಂಗಸರ ಚೌಕಾಶಿ ಎಲ್ಲ ಕೇಳಿಸುತ್ತಿತ್ತು. ನಮ್ಮ ಮೀನು ನಮ್ಮದೇ ಅಂತ ಹೇಳ್ಳಿಕ್ಕೆ ಬೆಂಗಳೂರಿಗೆ ಎಂತಕ್ಕೆ ಕಾಗದ ಕೊಡಬೇಕು ಎಂದು ಒಬ್ಬ ಮ್ಯಾನೇಜರು ಕೇಳಿದ. ಪ್ರಶ್ನೆ ಸರಿಯಾಗಿಯೇ ಇದೆ, ಆದರೂ ಕೊಡಿ ಎಂದು ಸಂಗಮೇಶ ಬೇಡಿಕೊಂಡ. ಮುನ್ನೂರ ಹನ್ನೆರಡನೆಯ ಅರ್ಜಿ ಹೋದ ಸಂಜೆ ಅವನು ಎದ್ದು ನೀರು ಕುಡಿದ. ಇಡೀ ಲೋಟ ಕುಡಿದ.

ಕೆಲಸ ಹೋಗಲಿಲ್ಲ. ಇನ್ನೂರ ಹನ್ನೊಂದು ನಂಬರು ಬರುವ ಇನ್ನೊಬ್ಬನನ್ನು ಹುಡುಕಲು ಶಶಿಕುಮಾರ್ ಒಂದು ವಾರ ಪ್ರಯತ್ನಪಟ್ಟು ಕೈಬಿಟ್ಟರು. ನರಸಪ್ಪನವರು ಸಾವ್ಕಾರ್ರೇ ಎನ್ನುವುದನ್ನು ನಿಲ್ಲಿಸಿ ಏನಯ್ಯಕ್ಕೆ ಮರಳಿದರು. ವ್ಯವಹಾರದಲ್ಲಿ ಮುಳುಗಿದ ಮನುಷ್ಯ ಎಂಬ ಕನಿಕರ ಮಾತ್ರ ಉಳಿಯಿತು. ಶಾಂಭವಿ ಬ್ಯಾಗು ಬಿಚ್ಚಿದಳು. ಕೃಪಾ ಒಂದು ದಿನ ಫೋನು ಮಾಡಿ, ಐಸ್ ಪ್ಲಾಂಟಿನ ಪಟ್ಟಿಯಲ್ಲಿ ನಮ್ಮ ಊರು ಮತ್ತೆ ಬಂತು, ಹನ್ನೊಂದನೇ ಹೆಸರು, ಕಟ್ಟುವುದು ಯಾವಾಗಲೋ ದೇವರಿಗೇ ಗೊತ್ತು, ಆದರೆ ಪಟ್ಟಿಯಲ್ಲುಂಟು ಎಂದಳು. ಊರಿಗೆ ಬನ್ನಿ, ಅಮ್ಮ ನಿಮ್ಮನ್ನು ನೋಡಬೇಕಂತೆ ಎಂದೂ ಹೇಳಿದಳು. ಬರುತ್ತೇನೆ, ಆದರೆ ಅನ್ನ ಸಾರು ಮಾತ್ರ ಎಂದು ಸಂಗಮೇಶ ಮೊದಲೇ ತಿಳಿಸಿದ.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಬೆಂಗಳೂರು ನಗರ ಜಿಲ್ಲೆಯ ಮೀನು ರಫ್ತು ನಾಲ್ಕು ಸಾವಿರದ ಹದಿನೆಂಟು ಟನ್ನಿನಿಂದ ಏಕಾಏಕಿ ಶೂನ್ಯಕ್ಕೆ ಬಿದ್ದಿತ್ತು. ಇಂಥ ಕುಸಿತವನ್ನು ಯಾವ ಸರ್ಕಾರವೂ ನೋಡಿಕೊಂಡು ಸುಮ್ಮನಿರುವುದಿಲ್ಲ.

ಸೆಪ್ಟೆಂಬರಿನಲ್ಲಿ ಕುಸಿತದ ಕಾರಣ ತಿಳಿಯಲು ಬಂದ ಅಧಿಕಾರಿ ಶೈಲಜಾ. ನರಸಿಂಹಯ್ಯನವರು ನಿವೃತ್ತರಾಗಿದ್ದರು. ಆವತ್ತು ಬೆಳಗಿನಿಂದ ಮಳೆ ಬಿಟ್ಟೂಬಿಡದೆ ಸುರಿಯುತ್ತಿತ್ತು. ಅವರು ನೆನೆದ ಸೀರೆಯಂಚು ಹಿಂಡಿಕೊಂಡು ಮೆಟ್ಟಿಲು ಹತ್ತಿ ಬಂದು, ಚೀಲದಿಂದ ಟ್ಯಾಬ್ ತೆಗೆದು ಮೇಜಿನ ಮೇಲಿಟ್ಟರು. ಸಂಗಮೇಶ ಅರ್ಧ ಗಂಟೆ ಕೂತು ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಹೇಳಿದ. ಅವರು ತುಂಬ ಸಹನೆಯಿಂದ ಕೇಳಿದರು. ಎಲ್ಲ ಅರ್ಥವಾಯಿತು ಸಾರ್, ಆದರೆ ಕಾರಣ ಆರಿಸದೆ ಈ ಟ್ಯಾಬ್ ಮುಂದಕ್ಕೆ ಹೋಗುವುದಿಲ್ಲ ಎಂದರು. ಕಾರ್ಮಿಕರ ಕೊರತೆ, ವಿದ್ಯುತ್ ಕೊರತೆ, ಕಚ್ಚಾ ಸಾಮಗ್ರಿಯ ಕೊರತೆ ಎಂದು ಸಾಲಾಗಿದ್ದವು. ಕೊನೆಯಲ್ಲಿ, ಬೇರೆ ಕಾರಣವಿದ್ದರೆ ಬರೆಯಿರಿ ಎಂದು ಒಂದು ಖಾಲಿ ಜಾಗವಿತ್ತು.

ಸಂಗಮೇಶ ಟ್ಯಾಬನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತಿ, ಈ ಜಿಲ್ಲೆಯಲ್ಲಿ ಸಮುದ್ರವಿಲ್ಲ ಎಂದು ಬರೆದ.

ಶೈಲಜಾ ಓದಿದರು. ನಗಲಿಲ್ಲ. ಸರಿ ಎಂದು ಗುಂಡಿ ಒತ್ತಿದರು. ಟ್ಯಾಬ್ ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು ಪ್ರಶ್ನೆ ಮುಂದಿಟ್ಟಿತು.

"ಈ ಕೊರತೆ ತಾತ್ಕಾಲಿಕವೋ ಶಾಶ್ವತವೋ ಅಂತ ಕೇಳ್ತಿದೆ ಸಾರ್."

ಸಂಗಮೇಶ ಕಿಟಕಿಯಿಂದ ಕೆಳಗೆ ನೋಡಿದ. ರಸ್ತೆ ಕಾಣುತ್ತಿರಲಿಲ್ಲ. ಈ ಕಟ್ಟಡದಿಂದ ಎದುರಿನ ಫ್ಯಾಕ್ಟರಿ ಗೇಟಿನವರೆಗೆ ಕಂದು ನೀರು ನಿಂತು ಸಣ್ಣಗೆ ಅಲೆಯಾಡುತ್ತಿತ್ತು. ಒಂದು ಸ್ಕೂಟರಿನ ಕನ್ನಡಿಗಳೆರಡು ಮಾತ್ರ ಮೇಲಿದ್ದವು. ವರ್ಕ್‌ಶಾಪಿನವರು ಪ್ಯಾಂಟು ಮಡಚಿಕೊಂಡು, ತೇಲಿಹೋಗುತ್ತಿದ್ದ ಒಂದು ಪ್ಲಾಸ್ಟಿಕ್ ಡ್ರಮ್ಮನ್ನು ಹಗ್ಗ ಹಾಕಿ ಎಳೆಯುತ್ತಿದ್ದರು. ಮಳೆ ಇನ್ನೂ ಜೋರಾಗುವಂತಿತ್ತು.

"ತಾತ್ಕಾಲಿಕ ಅಂತ ಹಾಕ್ರಿ ಮೇಡಂ," ಎಂದ.